ಡಿಸ್ಚಾರ್ಜ್ ಮಾಡುವ ಮುಂಚೆ ನಮಗೂ ಸ್ವಲ್ಪ ಕಲಿಸಿ ಕಳಿಸಿ

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅಧ್ಯಕ್ಷರಿಗೆ, ಆರೋಗ್ಯ ಸಚಿವರಿಗೆ, ವೈದ್ಯಕೀಯ ಶಿಕ್ಷಣ ಸಚಿವರಿಗೆ, ಹಾಗೇ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ನಮ್ಮ ಜನರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ, ನಮಸ್ಕಾರ.

ಗಂಗಾವತಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಆನ್‌ಲೈನ್ ಅರ್ಜಿಗಳನ್ನೂ ತುಂಬಿಕೊಡುತ್ತೇನೆ. ಹಾಗಾಗಿ ಸುತ್ತಲಿನ ಹಳ್ಳಿಯವರ ಆಸ್ಪತ್ರೆ ಕಾಗದಗಳು ನನ್ನ ಕೈಯಲ್ಲಿ ಹಾದು ಹೋಗುತ್ತಿರುತ್ತವೆ. ವಿಮೆಗೆ, ಪೊಲೀಸ್ ಕೇಸಿಗೆ, ಪಿಂಚಣಿಗೆ, ಅಂಗವಿಕಲರ ಕಾರ್ಡಿಗೆ, ಎಲ್ಲದಕ್ಕೂ ಡಿಸ್ಚಾರ್ಜ್ ಸಮ್ಮರಿಯ ಪ್ರತಿ ಕೇಳುತ್ತಾರೆ. ತಲೆಗೆ ಪೆಟ್ಟು ಬಿದ್ದವರ ಕಾಗದ ಬಂದರೆ ನನ್ನ ಕಣ್ಣು ಸೀದಾ ಕೊನೇ ಪುಟಕ್ಕೆ ಹೋಗುತ್ತದೆ. ಮಾತ್ರೆಗಳ ಪಟ್ಟಿ. ಅದರ ಕೆಳಗೆ ‘ಫಿಸಿಯೋಥೆರಪಿ ಮಾಡಿಸಿ’ ಅನ್ನುವ ಒಂದು ಸಾಲು. ಮತ್ತೆ ಬರಬೇಕಾದ ತಾರೀಕು, ಸಹಿ, ಸೀಲು. ಅಷ್ಟೇ. ಮನೆಗೆ ಹೋದ ಮೇಲೆ ಮನೆಯವರು ಏನು ಮಾಡಬೇಕು ಅನ್ನುವುದು ಆ ಕಾಗದದಲ್ಲಿ ಇರುವುದಿಲ್ಲ, ಯಾರೂ ಕೂರಿಸಿಕೊಂಡು ಹೇಳಿರುವುದೂ ಇಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ಇದು ಬರೀ ಕೌಂಟರ್ ಹಿಂದೆ ನಿಂತು ನೋಡಿದ ಮಾತಲ್ಲ. ನಮ್ಮ ಮನೆಯಲ್ಲೂ ಒಬ್ಬರಿದ್ದಾರೆ, ನನ್ನ ಅಣ್ಣ. ರಾತ್ರಿ ಬೈಕಿನಲ್ಲಿ ಬರುವಾಗ ರಸ್ತೆ ಪಕ್ಕ ನಿಲ್ಲಿಸಿದ್ದ ಭತ್ತದ ಟ್ರ್ಯಾಲಿಗೆ ಗುದ್ದಿದ. ಟ್ರ್ಯಾಲಿಗೆ ಹಿಂದಿನ ದೀಪ ಇರಲಿಲ್ಲ, ರೇಡಿಯಂ ಪಟ್ಟಿಯೂ ಇರಲಿಲ್ಲ. ಸುಗ್ಗಿ ಕಾಲದಲ್ಲಿ ನಮ್ಮ ಕಡೆ ಓಡಾಡಿದವರಿಗೆ ಇದನ್ನು ವಿವರಿಸುವುದು ಬೇಡ. ಅಣ್ಣನ ತಲೆ ಮೇಲೆ ಹೆಲ್ಮೆಟ್ಟೂ ಇರಲಿಲ್ಲ. 2016ರಿಂದ ರಾಜ್ಯದಲ್ಲಿ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. ಆದರೆ ನಮ್ಮೂರಲ್ಲಿ ಅದು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತಿರುತ್ತದೆ. ಪೊಲೀಸರು ಕಂಡರೆ ಮಾತ್ರ ತಲೆಗೆ ಏರುತ್ತದೆ.

ಯಾವ ಆಸ್ಪತ್ರೆ ಅಂತ ನಾನು ಬರೆಯುವುದಿಲ್ಲ. ಸರ್ಕಾರಿಯೋ ಖಾಸಗಿಯೋ ಅದೂ ಬೇಡ. ಅಂಗಡಿಗೆ ಬರುವ ಕಾಗದಗಳಲ್ಲಿ ಎಲ್ಲ ಥರದ ಆಸ್ಪತ್ರೆಗಳ ಹೆಸರೂ ಇರುತ್ತದೆ, ಕತೆ ಮಾತ್ರ ಒಂದೇ. ಮೊದಲ ಕೆಲವು ದಿನ ನಮ್ಮ ವ್ಯವಸ್ಥೆ ನಿಜಕ್ಕೂ ಚೆನ್ನಾಗಿ ಓಡಿತು. 108ಕ್ಕೆ ಫೋನ್ ಮಾಡಿದ್ದಕ್ಕೆ ಆಂಬುಲೆನ್ಸ್ ಬಂತು. ಸಿಟಿ ಸ್ಕ್ಯಾನ್ ಆಯಿತು, ರಾತ್ರೋರಾತ್ರಿ ಆಪರೇಷನ್ ಆಯಿತು. ಆ ಡಾಕ್ಟರು, ಆ ನರ್ಸುಗಳು ಇಲ್ಲದಿದ್ದರೆ ಅಣ್ಣ ಇವತ್ತು ಇರುತ್ತಿರಲಿಲ್ಲ. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಒಬ್ಬ ನರ್ಸು ಎಷ್ಟು ಹಾಸಿಗೆ ನೋಡುತ್ತಾರೆ ಅನ್ನುವುದು ವಾರ್ಡಿನ ಹೊರಗೆ ಚಾಪೆ ಹಾಸಿಕೊಂಡು ಮಲಗಿದವರಿಗೆಲ್ಲ ಗೊತ್ತು.

ಕಾನೂನು ಕೂಡ ಮೊದಲ ದಿನಗಳನ್ನೇ ನೋಡುತ್ತದೆ. ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ರಸ್ತೆ ಅಪಘಾತದವರಿಗೆ ನಗದುರಹಿತ ಚಿಕಿತ್ಸೆಯ ಯೋಜನೆ ತಂದಿತು. ಒಬ್ಬರಿಗೆ 1.5 ಲಕ್ಷ ರೂಪಾಯಿವರೆಗೆ, ಅಪಘಾತವಾದ ದಿನದಿಂದ ಹೆಚ್ಚೆಂದರೆ 7 ದಿನ. ಒಳ್ಳೆಯ ಯೋಜನೆ, ಎಷ್ಟೋ ಜೀವ ಉಳಿಯುತ್ತದೆ. ಕಾಲು ಮುರಿದವನಿಗೆ ಏಳು ದಿನದಲ್ಲಿ ದೊಡ್ಡ ಕೆಲಸ ಮುಗಿದಿರುತ್ತದೆ. ತಲೆಗೆ ಜೋರಾಗಿ ಪೆಟ್ಟು ಬಿದ್ದವನು ಎಂಟನೇ ದಿನ ಎಷ್ಟೋ ಸಲ ಕಣ್ಣೂ ಬಿಟ್ಟಿರುವುದಿಲ್ಲ.

ಅಣ್ಣನ ಕಾಗದದಲ್ಲಿ ಇ, ವಿ, ಎಂ ಅಂತ ಮೂರು ಅಕ್ಷರ, ಪಕ್ಕದಲ್ಲಿ ಅಂಕಿ ಇದ್ದವು. ಅದೇನು ಅಂತ ಆಮೇಲೆ ತಿಳಿಯಿತು. ಕಣ್ಣು ಹೇಗೆ ಬಿಡುತ್ತಾನೆ, ಮಾತು ಹೇಗಿದೆ, ಕೈಕಾಲು ಹೇಗೆ ಆಡಿಸುತ್ತಾನೆ ಅಂತ ಕೊಡುವ ಅಂಕ. 1974ರಲ್ಲಿ ಗ್ಲಾಸ್ಗೋ ನಗರದ ಇಬ್ಬರು ಡಾಕ್ಟರು ಮಾಡಿದ ಲೆಕ್ಕ. ಪೂರ್ತಿ ಎಚ್ಚರ ಇದ್ದರೆ 15, ಏನೂ ಇಲ್ಲದಿದ್ದರೆ 3. ಎಂಟು ಮತ್ತು ಅದಕ್ಕಿಂತ ಕಡಿಮೆ ಅಂದರೆ ತೀವ್ರ ಪೆಟ್ಟು. ವಾರ್ಡಿನ ಹೊರಗೆ ನಾವೆಲ್ಲ ಆ ಅಂಕಿಯನ್ನೇ ಹಿಡಿದುಕೊಂಡು ಕೂತಿರುತ್ತಿದ್ದೆವು. ‘ನಿಮ್ಮವರದು ಎಷ್ಟ್ರಿ?’ ‘ಒಂಬತ್ತು ಆಗೇತ್ರಿ.’ ‘ನಮ್ಮದಿನ್ನೂ ಆರರಾಗ ಐತಿ.’ ಯಾರದಾದರೂ ಒಂದಂಕ ಏರಿದರೆ ಚಹಾ ಕುಡಿಸುತ್ತಿದ್ದರು.

ಡಿಸ್ಚಾರ್ಜ್ ದಿನದ ಬಗ್ಗೆ ಹೇಳುತ್ತೇನೆ. ಅಣ್ಣನ ಮೂಗಿನಲ್ಲಿ ಊಟದ ನಳಿಕೆ ಇತ್ತು. ಗಂಟಲಲ್ಲಿ ಉಸಿರಾಟಕ್ಕೆ ಮಾಡಿದ ತೂತು. ಕೆಳಗೆ ಮೂತ್ರದ ಚೀಲ. ಎಡಗೈ ಎಡಗಾಲು ಸತ್ತಂತಿದ್ದವು. ತಲೆಯ ಬಲಭಾಗ ಒಳಗೆ ಕುಸಿದಿತ್ತು. ಮೆದುಳು ಬಾತುಕೊಂಡಾಗ ಒತ್ತಡ ಇಳಿಯಲಿ ಅಂತ ಬುರುಡೆಯ ಒಂದು ತುಂಡು ಮೂಳೆಯನ್ನು ತೆಗೆಯುತ್ತಾರೆ. ಅದು ಕೆಡದಂತೆ ಹೊಟ್ಟೆಯ ಚರ್ಮದ ಕೆಳಗೆ ಇಡುವುದುಂಟು, ಫ್ರೀಜರಿನಲ್ಲಿ ಇಡುವುದೂ ಉಂಟು. ಅಣ್ಣನ ಮೂಳೆ ಹೊಟ್ಟೆಯಲ್ಲಿತ್ತು. ಕೆಲವು ತಿಂಗಳಾದ ಮೇಲೆ ಮತ್ತೆ ತಲೆಗೆ ಕೂರಿಸುತ್ತಾರೆ. ಅತ್ತಿಗೆಗೆ ಇದು ಗೊತ್ತಾಗಿದ್ದು ಮನೆಯಲ್ಲಿ ಮೈ ಒರೆಸುವಾಗ. ಹೊಟ್ಟೆಯ ಹೊಲಿಗೆಯ ಕೆಳಗೆ ಗಟ್ಟಿಯಾಗಿ ಏನೋ ಕೈಗೆ ತಾಕಿತು. ಗಡ್ಡೆ ಅಂತ ತಿಳಿದು ಅವರು ಚೀರಿಕೊಂಡರು. ಮೂಳೆ ಇಲ್ಲದ ಕಡೆ ಮಗ್ಗುಲಾಗಿ ಮಲಗಿಸಬಾರದು, ಅಲ್ಲಿ ಒತ್ತಬಾರದು, ಏನೂ ತಾಗಬಾರದು ಅನ್ನುವುದೂ ಆಮೇಲೆ, ಬೇರೆ ಕಡೆಯಿಂದ ತಿಳಿದದ್ದು.

ನಿಜ ಹೇಳಬೇಕೆಂದರೆ ನಮಗೆ ಪಾಠ ಮಾಡಿದ್ದು ಪಕ್ಕದ ಹಾಸಿಗೆಯ ರೋಗಿಯ ಹೆಂಡತಿ. ಮಾನ್ವಿ ಕಡೆಯ ಹೆಂಗಸು. ಅವರ ಗಂಡ ನಮಗಿಂತ ಮುಂಚೆ ಬಂದು ಮಲಗಿದ್ದರು, ಹಾಗಾಗಿ ಅವರೇ ಸೀನಿಯರ್. ನಳಿಕೆಯಲ್ಲಿ ಗಂಜಿ ಹಾಕುವ ಮುಂಚೆ ತಲೆದಿಂಬು ಎತ್ತರಿಸಬೇಕು, ಹಾಕಿದ ಮೇಲೆ ಅರ್ಧ ಮುಕ್ಕಾಲು ಗಂಟೆ ಹಾಗೇ ಕೂರಿಸಬೇಕು, ಕೊನೆಗೆ ನೀರು ಬಿಟ್ಟು ನಳಿಕೆ ತೊಳೆಯಬೇಕು. ಗಂಜಿಯನ್ನು ಬಟ್ಟೆಯಲ್ಲಿ ಸೋಸಬೇಕು, ಇಲ್ಲದಿದ್ದರೆ ನಳಿಕೆ ಕಟ್ಟಿಕೊಳ್ಳುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಬೆನ್ನು ಸೊಂಟ ಹಿಮ್ಮಡಿ ಕೆಂಪಾಗಿದೆಯಾ ನೋಡಬೇಕು. ಇಷ್ಟನ್ನೂ ಅತ್ತಿಗೆಗೆ ಅವರೇ ಕೈ ಹಿಡಿದು ತೋರಿಸಿದರು. ಅವರಿಗೆ ತೋರಿಸಿದ್ದು ಅವರಿಗಿಂತ ಮುಂಚೆ ಇದ್ದ ಇನ್ಯಾರೋ. ನಮ್ಮ ಆಸ್ಪತ್ರೆಗಳಲ್ಲಿ ವಿದ್ಯೆ ಹಾಸಿಗೆಯಿಂದ ಹಾಸಿಗೆಗೆ ಹೀಗೆ ದಾಟುತ್ತಿದೆ. ಪಕ್ಕದಲ್ಲಿ ಅಂಥ ಹೆಂಗಸು ಸಿಗದವರ ಗತಿ ಏನು, ಹೇಳಿ.

ಗತಿ ಏನು ಅಂತ ನಾನೇ ನೋಡಿದ್ದೇನೆ. ಕನಕಗಿರಿ ಕಡೆಯ ಒಬ್ಬ ಅಜ್ಜಿ. ಮಗನಿಗೆ ಎಚ್ಚರ ಬಂದಿತ್ತು, ಕಣ್ಣಿನಲ್ಲೇ ಗುರುತು ಹಿಡಿಯುತ್ತಿದ್ದ. ಹಬ್ಬದ ದಿನ ಬಾಯಿ ರುಚಿ ನೋಡಲಿ ಅಂತ ಪ್ರೀತಿಯಿಂದ ಎರಡು ಚಮಚ ಪಾಯಸ ಬಾಯಿಗೆ ಹಾಕಿದರು. ಪೆಟ್ಟು ಬಿದ್ದ ಮೆದುಳಿಗೆ ನುಂಗುವುದೂ ಮರೆತಿರಬಹುದು. ಹೊಟ್ಟೆಗೆ ಹೋಗಬೇಕಾದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ನ್ಯುಮೋನಿಯಾ ಆಗುತ್ತದೆ. ಮಗನನ್ನು ಮತ್ತೆ ಐಸಿಯುಗೆ ಹಾಕಿದರು. ಆ ಅಜ್ಜಿ ಈಗಲೂ ತಾನೇ ಕೊಲ್ಲಲು ಹೋದೆ ಅಂತ ಅಳುತ್ತಾರೆ. ಅವರದೇನು ತಪ್ಪು? ನುಂಗುವುದನ್ನು ಪರೀಕ್ಷೆ ಮಾಡಿ, ನೀರು ಯಾವಾಗ, ಮೆತ್ತನೆಯ ಅನ್ನ ಯಾವಾಗ ಅಂತ ಹೇಳಬೇಕಾದವರು ಸ್ಪೀಚ್ ಥೆರಪಿಸ್ಟು. ಅವರು ಮಾತು ಕಲಿಸುವವರು ಮಾತ್ರ ಅಂತ ನಾವೆಲ್ಲ ತಿಳಿದಿದ್ದೇವೆ. ಅಂಥವರೊಬ್ಬರನ್ನು ಆ ಅಜ್ಜಿ ಆಸ್ಪತ್ರೆಯಲ್ಲಿ ನೋಡೇ ಇಲ್ಲ.

ಇನ್ನೊಂದು ಮನೆಯಲ್ಲಿ ಫಿಟ್ಸ್ ಬರದಿರಲು ಕೊಟ್ಟ ಮಾತ್ರೆಯನ್ನು ನಿಲ್ಲಿಸಿಬಿಟ್ಟರು. ಫಿಟ್ಸ್ ಬಂದಿರಲಿಲ್ಲವಲ್ಲ, ಮತ್ತ್ಯಾಕೆ ಸುಮ್ನೆ ದುಡ್ಡು ಖರ್ಚು ಅಂತ. ಮಾತ್ರೆ ತಿಂದಿದ್ದಕ್ಕೇ ಬಂದಿರಲಿಲ್ಲ. ಮತ್ತೊಂದು ಮನೆಯಲ್ಲಿ ಬಿದ್ದುಹೋದ ಕೈಯನ್ನೇ ಹಿಡಿದು ಎಳೆದು ಏಳಿಸಿ ಏಳಿಸಿ ಹೆಗಲ ಕೀಲು ಜಾರಿತು. ಲಕ್ವ ಹೊಡೆದ ಕೈಯನ್ನು ಎಳೆಯಬಾರದು, ಬೆನ್ನಿಗೂ ಸೊಂಟಕ್ಕೂ ಆನಿಸಿ ಎಬ್ಬಿಸಬೇಕು. ತೋರಿಸಿದರೆ ಎರಡು ನಿಮಿಷದ ಕೆಲಸ. ತೋರಿಸದೇ ಇದ್ದದ್ದಕ್ಕೆ ಆ ಮನುಷ್ಯ ನೋವಿಗೆ ಹೆದರಿ ವ್ಯಾಯಾಮವನ್ನೇ ಬಿಟ್ಟ, ಕೈ ಮಡಚಿಕೊಂಡು ಎದೆಗೆ ಅಂಟಿತು.

ಆದರೂ ಇವೆಲ್ಲ ಕಣ್ಣಿಗೆ ಕಾಣುವ ಕಷ್ಟಗಳು. ಕಾಣದ್ದೊಂದಿದೆ, ಅದರ ಬಗ್ಗೆ ಆಸ್ಪತ್ರೆಯಲ್ಲಿ ಒಬ್ಬರೂ ಒಂದು ಮಾತೂ ಆಡಲಿಲ್ಲ. ಮನೆಗೆ ವಾಪಸ್ ಬಂದವನು ಹೋದವನೇ ಆಗಿರುವುದಿಲ್ಲ.

ನನ್ನ ಅಣ್ಣ ಸಣ್ಣ ದನಿಯ ಮನುಷ್ಯ. ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಕೊಟ್ಟರೂ ಕೇಳುತ್ತಿರಲಿಲ್ಲ. ಈಗ ಮಾತು ಬಂದಿದೆ, ಕೋಲು ಹಿಡಿದು ಹಿತ್ತಲವರೆಗೆ ನಡೆಯುತ್ತಾನೆ. ಊರವರ ಲೆಕ್ಕದಲ್ಲಿ ಗುಣವಾಗಿದ್ದಾನೆ. ಆದರೆ ರೊಟ್ಟಿ ತಟ್ಟುವ ಸದ್ದಿಗೆ ಸಿಟ್ಟು ಬರುತ್ತದೆ. ತಟ್ಟೆ ಎಸೆಯುತ್ತಾನೆ. ಅತ್ತಿಗೆಗೆ, ತಾಯಿಗೆ, ಹಿಂದೆಂದೂ ಅವನ ಬಾಯಲ್ಲಿ ಬರದ ಬೈಗುಳ. ಐದು ನಿಮಿಷಕ್ಕೆ ಅದನ್ನೇ ಮರೆತು ಮಗಳನ್ನು ಕರೆದು ನಗುತ್ತಾನೆ. ಬೆಳಿಗ್ಗೆ ತಿಂದದ್ದು ನೆನಪಿರುವುದಿಲ್ಲ, ಇಪ್ಪತ್ತು ವರ್ಷದ ಹಿಂದೆ ಹುಲಿಗಿ ಜಾತ್ರೆಯಲ್ಲಿ ಯಾರ ಜೊತೆ ಹೋಗಿದ್ದ ಅಂತ ಪಕ್ಕಾ ಹೇಳುತ್ತಾನೆ. ಒಮ್ಮೊಮ್ಮೆ ಬೆಳಿಗ್ಗೆಯಿಂದ ಸಂಜೆವರೆಗೂ ಗೋಡೆ ನೋಡುತ್ತಾ ಕೂತುಬಿಡುತ್ತಾನೆ. ಸ್ನಾನ ಮಾಡು ಅಂದರೆ ‘ಹೂಂ’ ಅನ್ನುತ್ತಾನೆ, ಏಳುವುದಿಲ್ಲ.

ಸೋಮಾರಿತನ ಅಂದರು. ಸೊಕ್ಕು ಅಂದರು. ‘ಗಾಳಿ ಮೆಟ್ಟೇತಿ, ನೋಡ್ಸ್ರಿ’ ಅಂದವರೂ ಇದ್ದಾರೆ. ದರ್ಗಾಕ್ಕೂ ಹೋದೆವು, ಗುಡಿಗೂ ಹೋದೆವು, ತಾಯತ ಈಗಲೂ ತೋಳಿನಲ್ಲಿದೆ. ಇದನ್ನು ಓದಿ ಯಾರೂ ನಗುವುದು ಬೇಡ. ಮನೆಯವನ ಸ್ವಭಾವ ಬದಲಾಗಿದ್ದಕ್ಕೆ ಆಸ್ಪತ್ರೆ ಕಾರಣ ಹೇಳಲಿಲ್ಲ. ದೇವರ ಗುಡಿಯಲ್ಲಾದರೂ ಒಂದು ಕಾರಣ ಸಿಕ್ಕಿತು. ಎಷ್ಟೋ ತಿಂಗಳಾದ ಮೇಲೆ, ಮೂಳೆ ಕೂರಿಸಲು ಹೋದಾಗ, ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಸಿಟಿ ಸ್ಕ್ಯಾನ್ ಫಿಲ್ಮನ್ನು ಕಿಟಕಿ ಬೆಳಕಿಗೆ ಹಿಡಿದು ಅತ್ತಿಗೆಯನ್ನು ಕರೆದು ತೋರಿಸಿದರು. ಹಣೆಯ ಹಿಂದೆ ಇರುವ ಮೆದುಳಿನ ಭಾಗಕ್ಕೆ ಪೆಟ್ಟು ಬಿದ್ದಿದೆ. ಸಿಟ್ಟಿಗೆ ಲಗಾಮು ಹಾಕುವುದು, ಒಂದು ಕೆಲಸ ಶುರು ಮಾಡಬೇಕು ಅನಿಸುವುದು, ಯಾರ ಮುಂದೆ ಏನು ಮಾತಾಡಬೇಕು ಅನ್ನುವ ಎಚ್ಚರ, ಎಲ್ಲ ಅಲ್ಲಿಂದಲೇ ನಡೆಯುತ್ತದೆ. ಅವರು ಬೇಕು ಅಂತ ಮಾಡುತ್ತಿಲ್ಲಮ್ಮ, ಅಂದರು. ಅತ್ತಿಗೆ ಅಲ್ಲೇ ಕೂತು ಅತ್ತರು. ಅಷ್ಟು ದಿನ ಅವರು ಗಂಡನಿಗೆ ತನ್ನ ಮೇಲೆ ಪ್ರೀತಿ ಹೋಗಿದೆ ಅಂತ ತಿಳಿದಿದ್ದರು.

ಆ ಡಾಕ್ಟರು ಇನ್ನೂ ಕೆಲವು ಸಣ್ಣ ಉಪಾಯ ಹೇಳಿದರು. ಒಂದು ಸಲಕ್ಕೆ ಒಂದೇ ಮಾತು ಹೇಳಿ. ಟಿವಿ ಹಚ್ಚಿಕೊಂಡು ಮಾತಾಡಿಸಬೇಡಿ. ಸಿಟ್ಟು ಬಂದಾಗ ವಾದ ಬೇಡ, ಜಾಗ ಬದಲಿಸಿ. ದಿನದ ಕೆಲಸಗಳನ್ನು ಗೋಡೆ ಮೇಲೆ ದೊಡ್ಡದಾಗಿ ಬರೆದು ಹಚ್ಚಿ, ಮುಗಿದದ್ದಕ್ಕೆ ಅವರ ಕೈಯಿಂದಲೇ ಗುರುತು ಹಾಕಿಸಿ. ಹೆಂಡ ಸಾರಾಯಿ ಹತ್ತಿರ ಸೇರಿಸಬೇಡಿ. ಪಟ್ಟಿಯನ್ನು ಅಂಗಡಿಯಲ್ಲಿ ದಪ್ಪ ಅಕ್ಷರದಲ್ಲಿ ನಾನೇ ಪ್ರಿಂಟ್ ಹಾಕಿಕೊಟ್ಟೆ. ಹಲ್ಲುಜ್ಜುವುದು, ಸ್ನಾನ, ಮಾತ್ರೆ, ಕೈ ವ್ಯಾಯಾಮ, ಮಗಳ ಜೊತೆ ಒಂದು ಪುಟ ಓದುವುದು. ಮನೆ ಪೂರ್ತಿ ಶಾಂತವಾಯಿತು ಅಂತ ಸುಳ್ಳು ಹೇಳುವುದಿಲ್ಲ. ತಟ್ಟೆ ಎಸೆಯುವುದು ಕಡಿಮೆಯಾಗಿದೆ. ಇಷ್ಟನ್ನು ಮೊದಲೇ ಹೇಳಿದ್ದರೆ ಎಷ್ಟು ಜಗಳ, ಎಷ್ಟು ಕಣ್ಣೀರು ಉಳಿಯುತ್ತಿತ್ತು. ಕಾರಟಗಿ ಕಡೆಯ ಒಬ್ಬ ಹೆಣ್ಣುಮಗಳು ಇಂಥದ್ದೇ ಗಂಡನ ಹೊಡೆತ ತಡೆಯಲಾರದೆ ತವರಿಗೆ ಹೋಗಿದ್ದಾಳೆ. ಅವಳನ್ನು ಬೈಯುವವರಿಗೆ ನಾನು ಅಂಗಡಿಯಲ್ಲೇ ಜಗಳ ಮಾಡಿದ್ದೇನೆ.

ನಮ್ಮ ಜನರಿಗೂ ಒಂದು ಮಾತು. ನೋಡಲು ಬರುತ್ತೀರಿ, ಬಾಳೆಹಣ್ಣು ಬಿಸ್ಕತ್ತು ತರುತ್ತೀರಿ, ಸಂತೋಷ. ಬಂದವರೆಲ್ಲ ಹಾಸಿಗೆ ಪಕ್ಕ ನಿಂತು ‘ನಾ ಯಾರು ಹೇಳು ನೋಡೋಣ? ನನ್ನ ಹೆಸರೇನು?’ ಅಂತ ಪರೀಕ್ಷೆ ಮಾಡುತ್ತೀರಲ್ಲ, ಅದು ಬೇಡ. ಹೆಸರು ನಾಲಿಗೆ ತುದಿಯವರೆಗೆ ಬಂದು ಹೊರಗೆ ಬರದೆ ಒದ್ದಾಡುವವನ ಮುಖವನ್ನು ಒಮ್ಮೆ ಸರಿಯಾಗಿ ನೋಡಿ. ‘ನಾನು ಇಂಥವನು, ನಿನ್ನ ನೋಡೋಕೆ ಬಂದೆ’ ಅಂತ ನೀವೇ ಹೇಳಿ ಕೂತುಕೊಳ್ಳಿ. ಇನ್ನು ಅವನ ಎದುರಿಗೇ ‘ಇನ್ನೇನು ಉಪಯೋಗಕ್ಕೆ ಬರ್ತಾನ ಬಿಡ್ರಿ’ ಅನ್ನುವವರು ದಯವಿಟ್ಟು ಬರಬೇಡಿ. ಮಾತು ಬರದಿದ್ದವರಿಗೂ ಕಿವಿ ಕೇಳಿಸುತ್ತದೆ.

ಮಾನ್ಯರೇ, ನಿಮ್ಮ ಕಡೆ ಬರುತ್ತೇನೆ. ಇದೆಲ್ಲ ಹಣೆಬರಹ, ಆಸ್ಪತ್ರೆ ಏನು ಮಾಡಲು ಬರುತ್ತದೆ ಅಂತ ನೀವು ಅಂದುಕೊಳ್ಳಬಹುದು. ಮಾಡಲು ಬರುತ್ತದೆ. ಸತ್ತ ನರಕೋಶ ಸಾಮಾನ್ಯವಾಗಿ ಮತ್ತೆ ಹುಟ್ಟುವುದಿಲ್ಲ, ಆದರೆ ಉಳಿದ ಮೆದುಳು ಕಲಿಯುತ್ತದೆ. ಕಾಲುವೆ ಒಡೆದರೆ ಪಕ್ಕದಲ್ಲಿ ಸಣ್ಣ ದಾರಿ ತೋಡಿ ಗದ್ದೆಗೆ ನೀರು ಹಾಯಿಸುತ್ತೇವಲ್ಲ, ಹಾಗೆ ಬೇರೆ ದಾರಿ ಮಾಡಿಕೊಳ್ಳುತ್ತದೆ. ಅದಕ್ಕೆ ಒಂದೇ ಕೆಲಸವನ್ನು ದಿನಾ, ಸರಿಯಾದ ರೀತಿಯಲ್ಲಿ, ನೂರಾರು ಸಲ ಮಾಡಿಸಬೇಕು. ಸುಧಾರಣೆ ಜಾಸ್ತಿ ಕಾಣುವುದು ಮೊದಲ ಆರು ತಿಂಗಳಲ್ಲಿ. ಆಮೇಲೂ ನಿಧಾನವಾಗಿ ವರ್ಷಗಟ್ಟಲೆ ನಡೆಯುತ್ತದೆ. ನಮ್ಮ ಕಡೆ ಆ ಬೆಲೆಬಾಳುವ ಆರು ತಿಂಗಳು ರೋಗಿ ಮೂಲೆಯ ಮಂಚದ ಮೇಲೆ ಮಲಗಿರುತ್ತಾನೆ. ಅಷ್ಟರಲ್ಲಿ ಕೀಲು ಬಿಗಿದಿರುತ್ತದೆ, ಪಾದ ಜೋತುಬಿದ್ದಿರುತ್ತದೆ, ಬೆನ್ನಿಗೆ ಹುಣ್ಣಾಗಿರುತ್ತದೆ. ಆಮೇಲೆ ಎಲ್ಲೋ ಕರೆದುಕೊಂಡು ಹೋದರೆ ‘ಲೇಟ್ ಮಾಡಿದ್ರಿ’ ಅನ್ನುತ್ತಾರೆ.

ಎಲ್ಲಿಗೆ ಕರೆದುಕೊಂಡು ಹೋಗುವುದು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಅಂತ ಪ್ರತ್ಯೇಕ ವಿಭಾಗವಿದೆ. ಮಾತಿನ ತೊಂದರೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಎರಡೂ ಹೆಸರುವಾಸಿ. ಆದರೆ ಕೂರಲು ಬಾರದವನನ್ನು ರಾತ್ರಿಯಿಡೀ ಬಸ್ಸಿನಲ್ಲಿ ಕೂರಿಸಿಕೊಂಡು ಹೋಗುವುದು ಹೇಗೆ? ಕಾರು ಮಾಡಿದರೆ ಒಂದು ಸಲದ ಬಾಡಿಗೆ ಒಬ್ಬ ಕೂಲಿಯವನ ತಿಂಗಳ ದುಡಿಮೆ ನುಂಗುತ್ತದೆ. ಒಂದು ಸಲ ಹೋಗಿ ಬಂದರೆ ಮುಗಿಯುವ ಕೆಲಸವೂ ಅಲ್ಲ. ಆಪರೇಷನ್ನಿಗೆ ನಮ್ಮ ಬಿಪಿಎಲ್ ಕಾರ್ಡು ನಡೆಯಿತು. ಮನೆಗೆ ಬಂದು ಹೋಗುವ ಫಿಸಿಯೋಥೆರಪಿಸ್ಟಿಗೆ ಯಾವ ಕಾರ್ಡೂ ನಡೆಯಲಿಲ್ಲ. ಅತ್ತಿಗೆಯ ಬೋರಮಾಳ ಸರ ಹೋದದ್ದು ಅಲ್ಲಿಗೇ.

ಅಂಗವಿಕಲರ ಯುಡಿಐಡಿ ಕಾರ್ಡಿನ ಅರ್ಜಿ ನಾನೇ ತುಂಬಿಕೊಡುವುದರಿಂದ ಅದರ ಬಗ್ಗೆಯೂ ಹೇಳಬಲ್ಲೆ. 2016ರ ಅಂಗವಿಕಲರ ಹಕ್ಕುಗಳ ಕಾನೂನಿನಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಅದರಲ್ಲಿ ತಲೆಪೆಟ್ಟು ಅಂತ ಒಂದು ಪ್ರತ್ಯೇಕ ಹೆಸರಿಲ್ಲ. ಕೈಕಾಲು ಬಿದ್ದಿದ್ದರೆ ಚಲನವಲನದ ಅಂಗವೈಕಲ್ಯ ಅಂತ ಹಾಕುತ್ತೇವೆ. ಕೈಕಾಲು ಚೆನ್ನಾಗಿದ್ದು ನೆನಪು ಹೋಗಿದ್ದರೆ, ಸಿಟ್ಟು ಹಿಡಿತದಲ್ಲಿ ಇಲ್ಲದಿದ್ದರೆ? ಯಾವ ಡಬ್ಬಿಗೆ ಟಿಕ್ ಹಾಕಲಿ ಅಂತ ನಾನೂ ಅರ್ಜಿದಾರರೂ ಮುಖ ಮುಖ ನೋಡಿಕೊಳ್ಳುತ್ತೇವೆ. ಸರ್ಕಾರದ ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ 40 ಪರ್ಸೆಂಟ್ ಅಂಗವೈಕಲ್ಯ ಬೇಕು. ಪರ್ಸೆಂಟ್ ಹಾಕುವ ಡಾಕ್ಟರುಗಳ ಬೋರ್ಡಿನ ಮುಂದೆ ಅವನು ನಡೆದುಕೊಂಡು ಹೋಗುತ್ತಾನೆ, ಹೆಸರು ಊರು ಹೇಳುತ್ತಾನೆ, ಹೊರಗೆ ಬರುತ್ತಾನೆ. ಪರ್ಸೆಂಟ್ ಎಲ್ಲಿಂದ ಬರಬೇಕು? ಮನೆಯವರಲ್ಲಿ ಒಬ್ಬರನ್ನಾದರೂ ಕೂರಿಸಿಕೊಂಡು ಕೇಳಿದರೆ ಗೊತ್ತಾಗುತ್ತಿತ್ತು.

ಅದೇ ಕಾನೂನಿನ 25ನೇ ಕಲಮಿನಲ್ಲಿ ಹತ್ತಿರದಲ್ಲೇ ಆರೋಗ್ಯ ಸೇವೆ, ಅದರಲ್ಲೂ ಹಳ್ಳಿಗಳಲ್ಲಿ, ಅಂತ ಬರೆದಿದೆ. 27ನೇ ಕಲಮು ಪುನರ್ವಸತಿಯ ಬಗ್ಗೆಯೇ ಇದೆ. 24ನೇ ಕಲಮಿನಲ್ಲಿ ಹೆಚ್ಚು ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಅನ್ನುವ ಮಾತೂ ಇದೆ. ಅತ್ತಿಗೆ ಗಾರ್ಮೆಂಟ್ಸ್ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದಾರೆ. ಅವರ ಸಂಬಳ ಹೋಯಿತು, ಅಣ್ಣನ ದುಡಿಮೆ ಹೋಯಿತು. ಭತ್ಯೆಯ ಮಾತು ಕಾಗದದಲ್ಲಿ ಚೆನ್ನಾಗಿದೆ.

ದುಡ್ಡಿನ ವಿಚಾರ. ಸಂವಿಧಾನದ 98ನೇ ತಿದ್ದುಪಡಿಯಿಂದ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ಕಲಮು ಬಂತು, ಅದರಿಂದಲೇ ನಿಮ್ಮ ಮಂಡಳಿಯೂ ಬಂತು. ಇತ್ತೀಚಿನ ಬಜೆಟ್‌ಗಳಲ್ಲಿ ಮಂಡಳಿಗೆ 5,000 ಕೋಟಿ ರೂಪಾಯಿ ಅಂತ ಓದುವುದನ್ನು ಕೇಳುತ್ತಿದ್ದೇವೆ. ರಾಯಚೂರಿಗೆ ಏಮ್ಸ್ ಬೇಕು ಅಂತ 2022ರ ಮೇ ತಿಂಗಳಿಂದ ಜನ ಧರಣಿ ಕೂತರು, ಅದಕ್ಕೆ ನನ್ನ ಬೆಂಬಲವಿದೆ. ಆದರೆ ನಾನು ಕೇಳುತ್ತಿರುವುದು ಏಮ್ಸ್ ಬರುವವರೆಗೆ ಕಾಯಬೇಕಾದಂಥದ್ದಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ, ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಆಗಲೇ ಇದೆ. ಮೂರರಲ್ಲಿ ಒಂದು ಕಡೆಯಾದರೂ ತಲೆಪೆಟ್ಟು, ಲಕ್ವದವರಿಗೆ ಅಂತಲೇ ಒಂದು ಪುನಶ್ಚೇತನ ವಾರ್ಡು ತೆರೆಯಿರಿ. ಆಪರೇಷನ್ ವಾರ್ಡಿನಿಂದ ಸೀದಾ ಅಲ್ಲಿಗೆ ಹೋಗಬೇಕು, ಕೆಲವು ವಾರ ಅಲ್ಲಿರಬೇಕು. ಒಬ್ಬರು ಮನೆಯವರು ಜೊತೆಗಿದ್ದು ಎಲ್ಲವನ್ನೂ ಕೈಯಾರೆ ಮಾಡಿ ಕಲಿಯಬೇಕು.

ದಯವಿಟ್ಟು ಯಂತ್ರಗಳಿಂದ ಶುರು ಮಾಡಬೇಡಿ. ನಮ್ಮ ಕಡೆ ಯಂತ್ರ ತರುವುದು ಸುಲಭ, ಉದ್ಘಾಟನೆಗೆ ರಿಬ್ಬನ್ ಕತ್ತರಿಸುವುದೂ ಸುಲಭ. ಕಷ್ಟ ಇರುವುದು ಮನುಷ್ಯರನ್ನು ತರುವುದರಲ್ಲಿ. ಫಿಸಿಯೋಥೆರಪಿಸ್ಟ್, ಆಕ್ಯುಪೇಷನಲ್ ಥೆರಪಿಸ್ಟ್, ಸ್ಪೀಚ್ ಥೆರಪಿಸ್ಟ್, ಮನಶ್ಶಾಸ್ತ್ರಜ್ಞ, ಮನೆಯವರ ಜೊತೆ ಕೂತು ಮಾತಾಡುವ ಒಬ್ಬ ಸಮಾಜ ಕಾರ್ಯಕರ್ತ. ಆಕ್ಯುಪೇಷನಲ್ ಥೆರಪಿಸ್ಟ್ ಅಂದರೆ ಯಾರು ಅಂತ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಒಂದೇ ಕೈಯಲ್ಲಿ ಅಂಗಿ ಗುಂಡಿ ಹಾಕುವುದು, ರೊಟ್ಟಿ ಮುರಿಯುವುದು, ಪಾಯಿಖಾನೆಯಲ್ಲಿ ಕೂತು ಏಳುವುದು, ಇಂಥವನ್ನು ಮತ್ತೆ ಕಲಿಸುವವರು ಅವರು. ಮನುಷ್ಯನ ಮಾನ ಉಳಿಯುವುದು ಇಂಥ ಕೆಲಸಗಳಲ್ಲೇ ಅಲ್ವಾ? ಈ ಹುದ್ದೆಗಳನ್ನು ಗುತ್ತಿಗೆ ಮೇಲೆ ಹನ್ನೊಂದು ತಿಂಗಳಿಗೆ ತುಂಬಿದರೆ ಯಾರೂ ಬಂದು ನಿಲ್ಲುವುದಿಲ್ಲ. ಕಾಯಂ ಮಾಡಿ.

ವಾರ್ಡಿಗೆ ಸಮಯ ಹಿಡಿಯುತ್ತದೆ, ಒಪ್ಪುತ್ತೇನೆ. ಡಿಸ್ಚಾರ್ಜ್‌ಗೆ ಮುಂಚೆ ಕಲಿಸುವುದಕ್ಕೆ ಯಾವ ಕಟ್ಟಡವೂ ಬೇಡ. ನಳಿಕೆ, ಮಗ್ಗುಲು, ಮಾತ್ರೆ, ನುಂಗುವುದು, ಎಬ್ಬಿಸುವುದು, ಸಿಟ್ಟು, ಇಷ್ಟನ್ನು ತೋರಿಸಿ. ಮನೆಯವರು ನಿಮ್ಮ ಕಣ್ಣೆದುರು ಒಮ್ಮೆ ಮಾಡಿ ತೋರಿಸಿದ ಮೇಲೆ ಕಳಿಸಿ. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಚಿತ್ರ ಹಾಕಿ ನಾಲ್ಕು ಪುಟ ಅಚ್ಚು ಹಾಕಿ. ಓದಲು ಬಾರದವರಿಗೆ ಮೊಬೈಲಿನಲ್ಲಿ ನೋಡಲು ಸಣ್ಣ ವಿಡಿಯೋ ಮಾಡಿ, ನಮ್ಮ ಕಡೆಯ ಮಾತಿನಲ್ಲಿ, ಉರ್ದು ತೆಲುಗಿನಲ್ಲೂ. ರಾತ್ರಿ ಹೊತ್ತು ನಳಿಕೆ ಕಿತ್ತುಬಂದರೆ ಕೇಳಲು ಒಂದು ಫೋನ್ ನಂಬರ್ ಇರಲಿ.

ಇನ್ನು ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ ಇರುತ್ತಾರೆ. ನಾವು ವಿಆರ್‌ಡಬ್ಲ್ಯೂ ಅನ್ನುತ್ತೇವೆ. ಬಹಳಷ್ಟು ಕಡೆ ಅವರೂ ಅಂಗವಿಕಲರೇ. ಕಡಿಮೆ ಗೌರವಧನಕ್ಕೆ ಹಳ್ಳಿ ಹಳ್ಳಿ ತಿರುಗುತ್ತಾರೆ. ಅರ್ಜಿ ತುಂಬಿಸಲು ನನ್ನ ಅಂಗಡಿಗೆ ಬರುವವರಲ್ಲಿ ಅವರೇ ಜಾಸ್ತಿ. ಯಾರ ಮನೆಯಲ್ಲಿ ಯಾರು ಮಲಗಿದ್ದಾರೆ ಅನ್ನುವುದು ಅವರಿಗೆ ಬಾಯಿಪಾಠ. ಆದರೆ ತಲೆಪೆಟ್ಟಿನವರ ಮನೆಗೆ ಹೋಗಿ ಏನು ನೋಡಬೇಕು ಅಂತ ಅವರಿಗೆ ತರಬೇತಿ ಸಿಕ್ಕಿಲ್ಲ. ಒಬ್ಬರು ನನ್ನ ಹತ್ತಿರವೇ ಕೇಳಿದರು: ‘ನಿಮ್ಮಣ್ಣಗ ಏನು ಮಾಡಿದ್ರಿ, ನಂಗೂ ಹೇಳ್ರಿ, ನಮ್ಮೂರಾಗ ಇಬ್ರದಾರ.’ ಡಿಸ್ಚಾರ್ಜ್ ಆದ ದಿನವೇ ಆಸ್ಪತ್ರೆಯಿಂದ ಆ ಪಂಚಾಯಿತಿಯ ಕಾರ್ಯಕರ್ತರಿಗೂ ಆಶಾ ಕಾರ್ಯಕರ್ತೆಯರಿಗೂ ಸುದ್ದಿ ಹೋಗಬೇಕು, ಅವರು ವಾರದೊಳಗೆ ಮನೆಗೆ ಬರಬೇಕು. ತರಬೇತಿ ಕೊಟ್ಟರೆ ಇದು ಆಗದ ಕೆಲಸವಲ್ಲ. ಗೌರವಧನವನ್ನೂ ಏರಿಸಿ, ಸುಮ್ನೆ ಕೆಲಸ ಮಾತ್ರ ಏರಿಸಬೇಡಿ.

ಈ ಪತ್ರಕ್ಕೆ ‘ಪರಿಶೀಲಿಸಲಾಗುವುದು’ ಅಂತ ಉತ್ತರ ಬಂದರೆ ಅದರ ಝೆರಾಕ್ಸ್ ನನ್ನ ಹತ್ತಿರ ಆಗಲೇ ಬಹಳ ಇದೆ, ಬೇರೆ ವಿಷಯಗಳದ್ದು. ನನಗೆ ಬೇಕಾದದ್ದು ಇಷ್ಟು. ಮಂಡಳಿಯ ಮುಂದಿನ ಕ್ರಿಯಾಯೋಜನೆಯಲ್ಲಿ ಪುನಶ್ಚೇತನ ವಾರ್ಡು ಸೇರುತ್ತದೋ ಇಲ್ಲವೋ, ಸೇರಿದರೆ ಯಾವ ಊರಿಗೆ, ಎಷ್ಟು ಕಾಯಂ ಹುದ್ದೆ? ಡಿಸ್ಚಾರ್ಜ್‌ಗೆ ಮುಂಚೆ ಮನೆಯವರಿಗೆ ಕಲಿಸಲೇಬೇಕು ಅಂತ ಆರೋಗ್ಯ ಇಲಾಖೆ ಸುತ್ತೋಲೆ ಹೊರಡಿಸುತ್ತದೋ ಇಲ್ಲವೋ? ಪುನರ್ವಸತಿ ಕಾರ್ಯಕರ್ತರ ತರಬೇತಿ ಯಾವ ತಿಂಗಳು? ಆಗುವುದಿಲ್ಲ ಅನ್ನುವುದಾದರೆ ಅದನ್ನೂ ಕಾರಣ ಸಮೇತ ಬರೆದು ಕಳಿಸಿ. ಆ ನಾಲ್ಕು ಪುಟದ ಕೈಪಿಡಿಯನ್ನು ನಿಮ್ಮ ಡಾಕ್ಟರುಗಳು ಬರೆದುಕೊಟ್ಟರೆ, ಗಂಗಾವತಿ ತಾಲ್ಲೂಕಿಗೆ ಬೇಕಾದಷ್ಟು ಪ್ರತಿಗಳನ್ನು ಕಾಗದದ ಖರ್ಚೂ ಕೇಳದೆ ನಾನು ತೆಗೆದುಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಝೆರಾಕ್ಸ್ ಅಂಗಡಿಯವ, ಗಂಗಾವತಿ, ಕೊಪ್ಪಳ ಜಿಲ್ಲೆ